ನೀರ ಪೈಪಿನ ಎರಡು ತುದಿ

ಮೊದಲ ದಿನವೇ ಹಾಲಸಿದ್ದಪ್ಪ ಒಂದು ತಪ್ಪು ಮಾಡಿದ. ಉಸುಕಿನ ಗುಡ್ಡೆಯ ಪಕ್ಕ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸನ್ನು ನೋಡಿ, ಕೂಲಿಗೆ ಬಂದಾಕಿ ಎಂದು ತಿಳಿದು, ಕೂತಲ್ಲಿಂದಲೇ ಕೂಗಿದ.

"ಯವ್ವಾ, ಒಂದು ಬುಟ್ಟಿ ಉಸುಕು ಇಲ್ಲೆ ತಂದು ಹಾಕ ಬೇ."

ಆಕೆ ಉಸುಕಿನ ಕಡೆ ಬಗ್ಗಿದಳು. ಬುಟ್ಟಿ ತುಂಬಿದಳು. ತುಂಬಿದ ಬುಟ್ಟಿಯನ್ನು ಹೂವಿನ ದಂಡೆ ಇಟ್ಟುಕೊಂಡಷ್ಟು ಹಗುರಾಗಿ ತಲೆಯ ಮೇಲೆ ಇಟ್ಟುಕೊಂಡು ಬಂದು, ಅವನ ಪಾದದಿಂದ ಒಂದು ಗೇಣು ದೂರಕ್ಕೆ ಸುರಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಕೈಚೀಲದೊಳಗಿಂದ ಗಾರೆ ಬಳಿಯುವ ಹೊಚ್ಚ ಹೊಸ ಕರಣಿ ಹೊರಗೆ ತೆಗೆದಳು.

"ನಾನೂ ಕಲಿಯಾಕ ಬಂದೇನ್ರಿ. ಎರಡನೇ ಬುಟ್ಟಿ ನೀವು ತರ್ರಿ."

ಸುತ್ತ ಕೂತಿದ್ದ ಹರೆಯದ ಹುಡುಗರು ಹೋ ಎಂದು ನಕ್ಕರು. ಹಾಲಸಿದ್ದಪ್ಪನ ಕಿವಿ ಬಿಸಿಯಾದವು. ಎದ್ದ, ಹೋದ, ಬುಟ್ಟಿ ತುಂಬಿ ಬಗ್ಗಿ ಎತ್ತಲು ನೋಡಿದ. ಅರ್ಧ ಎದ್ದವನು ಅಲ್ಲೇ ನಿಂತ. ಬೆನ್ನು ಹಿಡಿದಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಯಾರಿಗೂ ಕಾಣದ ಹಾಗೆ ಆಕೆ ಬಂದು ಬುಟ್ಟಿಯ ಇನ್ನೊಂದು ಕಿವಿ ಹಿಡಿದಳು. "ನಡೀರಿ, ಜೋಡಿಲೆ ಒಯ್ಯೂಣು," ಎಂದಳು, ಮೆತ್ತಗೆ. ಬೆನ್ನಿನ ವಿಷಯ ಕೇಳಲಿಲ್ಲ. ಕೇಳದೇ ಇದ್ದದ್ದು ಅವನಿಗೆ ಬಹಳ ದಿನ ನೆನಪಿತ್ತು.

ಇದು ಎರಡು ಸಾವಿರದ ಏಳನೇ ಇಸವಿಯ ಮಾತು. ನೆಲಕ್ಕೆ ಹಾಸುವ ಫರಸಿ ಕಲ್ಲು ಹೋಗಿ ಊರೂರಿಗೆ ಟೈಲ್ಸ್ ಬರುತ್ತಿದ್ದ ಕಾಲ. ರಾಣೆಬೆನ್ನೂರಿನಲ್ಲಿ ಒಂದು ತಗಡಿನ ಶೆಡ್ಡಿನೊಳಗೆ ಮೂರು ತಿಂಗಳು ಟೈಲ್ಸ್ ಹಾಕುವ ಕೆಲಸ ಕಲಿಸುತ್ತಿದ್ದರು. ಕಲಿಯಲು ಬಂದವರು ಇಪ್ಪತ್ತೆರಡು ಮಂದಿ, ಇಪ್ಪತ್ತು ಮಂದಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಉಳಿದ ಇಬ್ಬರು ಇವರು.

ಹಾಲಸಿದ್ದಪ್ಪನಿಗೆ ಮೂವತ್ತೊಂಬತ್ತು. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಇಪ್ಪತ್ತು ವರ್ಷ ಹಮಾಲಿ ಮಾಡಿದವನು. ಮೂರು ಮಂದಿ ತಂಗಿಯರ ಲಗ್ನ ಮಾಡಿ ಮುಗಿಸುವಷ್ಟರಲ್ಲಿ ತನ್ನ ಲಗ್ನದ ವಯಸ್ಸು ಎಲ್ಲೋ ಹಾದು ಹೋಗಿತ್ತು. ಬೆನ್ನಿನ ಮಣಿ ಸರಿದ ಮೇಲೆ ಹಾವೇರಿಯ ಡಾಕ್ಟರು, "ಇನ್ನು ಚೀಲ ಮುಟ್ಟಿದರೆ ಹಾಸಿಗೆಯೇ ಗತಿ" ಎಂದಿದ್ದರು. ಕೂತು ಮಾಡುವ ಕೆಲಸ ಅಂತ ಇಲ್ಲಿಗೆ ಬಂದಿದ್ದ.

ಆಕೆ ಪುಷ್ಪಲತಾ. ಹಾವೇರಿ ಹತ್ತಿರದ ಅಗಡಿಯವಳು, ಮೂವತ್ತನಾಲ್ಕು ವಯಸ್ಸು. ಗಂಡ ಸತ್ತು ಒಂಬತ್ತು ವರ್ಷ. ಆ ಒಂಬತ್ತು ವರ್ಷವೂ ಗೌಂಡಿಗಳ ಕೈಕೆಳಗೆ ಸಿಮೆಂಟಿನ ಮಾಲು ಹೊತ್ತಿದ್ದಳು. ಎಷ್ಟೋ ಮನೆಗಳ ಗೋಡೆಗಳು ಅವಳ ತಲೆಯ ಮೇಲಿಂದ ಹಾದು ಹೋಗಿದ್ದವು, ಆದರೆ ಕರಣಿ ಮಾತ್ರ ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ.

*

ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ಆಕೆ ಹಾವೇರಿಯಲ್ಲಿ ಹತ್ತುತ್ತಿದ್ದಳು, ಈತ ಬ್ಯಾಡಗಿಯಲ್ಲಿ. ಎರಡನೇ ವಾರದಿಂದ ಆಕೆಯ ಎದುರಿನ ಸೀಟಿನ ಮೇಲೆ ಒಂದು ಬುತ್ತಿಗಂಟು ಕೂತಿರುತ್ತಿತ್ತು. ಅವನು ಹತ್ತಿದ ಕೂಡಲೇ ಆ ಗಂಟು ಆಕೆಯ ತೊಡೆಗೆ ಹೋಗುತ್ತಿತ್ತು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿದವರಲ್ಲ.

"ನೀವು ಹತ್ತಿದ್ದು ಕಣ್ಣು ಮುಚ್ಚಿದ್ರೂ ಗೊತ್ತಾಗತೈತ್ರಿ," ಎಂದಳು ಒಂದು ದಿನ. "ಡಬ್ಬಿಯೊಳಗಿನ ಮಂದಿ ಎಲ್ಲಾ ಸೀನಾಕ ಹತ್ತತಾರ."

"ಪೇಟೆ ಬಿಟ್ಟು ಆರು ತಿಂಗಳಾತ್ರಿ. ಅಂಗಿ ಎಷ್ಟ ಒಗದ್ರೂ ಆ ಘಾಟು ಬಿಡವಲ್ದು."

"ಇರ್ಲಿ ಬಿಡ್ರಿ. ಬ್ಯಾಡಗಿ ಕಾಯಿ ಅಲ್ಲೇನು. ಬಣ್ಣ ಜಾಸ್ತಿ, ಖಾರ ಕಡಿಮಿ." ಆಕೆ ಅವನ ಮುಖವನ್ನು ಓರೆಗಣ್ಣಿನಿಂದ ನೋಡಿದಳು. "ಈಗ ನೋಡ್ರಿ, ಬಣ್ಣ ಬಂತು."

ಅವನು ಕಿಟಕಿಯ ಕಡೆ ತಿರುಗಿದ. ಬಣ್ಣ ಬಂದದ್ದು ಖರೇ ಇತ್ತು.

ಬುತ್ತಿ ಕಟ್ಟಿ ಕಳಿಸುತ್ತಿದ್ದವಳು ಆಕೆಯ ಅತ್ತೆ ಮುದುಕವ್ವ. ಹೆಸರಿಗೆ ತಕ್ಕ ಹಾಗೆ ಮುದುಕಿ, ಬಾಯಿಗೆ ಮಾತ್ರ ವಯಸ್ಸಾಗಿರಲಿಲ್ಲ. ಸೊಸೆಯನ್ನು ಇಲ್ಲಿಗೆ ಕಳಿಸಿದವಳೂ ಅವಳೇ. "ನನ್ನ ಮಗ ಇದ್ದಿದ್ರ ನಿನ್ನ ತಲಿ ಮ್ಯಾಲ ಬುಟ್ಟಿ ಇಡಗೊಡತಿದ್ದನೇನು? ಹೋಗು, ಕರಣಿ ಹಿಡದು ಬಾ. ಇಲ್ಲಂದ್ರ ಮನಿಗೆ ಬರಬ್ಯಾಡ," ಎಂದಿದ್ದಳಂತೆ.

"ಆಕಿ ಹೇಳಿದ್ದು ಹಂಗ," ಎಂದಳು ಪುಷ್ಪಲತಾ, ನಗು ಬಿಟ್ಟು. "ಈ ಸಲ ಸರ್ಟಿಫಿಕೇಟ ಸಿಗಲಿಲ್ಲ ಅಂದ್ರ ನಾ ಮತ್ತ ಬುಟ್ಟಿಗೇ ಹೋಗಬೇಕ್ರಿ. ಎರಡನೇ ಸಲ ಕರಣಿ ಹಿಡಿಯಾಕ ನನಗ ಧೈರ್ಯ ಬರೂದಿಲ್ಲ."

ಆ ಮಾತು ಹಾಲಸಿದ್ದಪ್ಪನ ಎದೆಯೊಳಗೆ ಹೋಗಿ ಕೂತಿತು.

*

ಕಲಿಸುವವರು ಕಾಸೀಮಸಾಬ ಮೇಸ್ತ್ರಿ. ಬಿಳಿ ಗಡ್ಡ, ಮೊಣಕಾಲಿಗೆ ಗೋಣಿತಟ್ಟಿನ ಪಟ್ಟಿ, ನಲವತ್ತು ವರ್ಷದ ಅನುಭವ. ಬ್ಯಾಟರಿ ಇಟ್ಟ ಹೊಸ ಮಷೀನುಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ನೀರು ತುಂಬಿದ ಒಂದು ಪಾರದರ್ಶಕ ಪೈಪು ತಂದು ಹುಡುಗರ ಮುಂದೆ ಎತ್ತಿ ಹಿಡಿದರು.

"ಇದರ ಒಂದು ತುದಿ ಈ ಗ್ವಾಡಿಗೆ, ಇನ್ನೊಂದು ತುದಿ ಆ ಗ್ವಾಡಿಗೆ. ಈ ಕಡೆ ನೀರು ಎಷ್ಟು ಎತ್ತರ ನಿಂತೈತೋ ಆ ಕಡೆನೂ ಅಷ್ಟ ಎತ್ತರ ನಿಂದರತೈತಿ. ನಡುವ ಹತ್ತು ಖೋಲಿ ಇದ್ರೂ ಅಷ್ಟ. ಆದ್ರ ಒಂದು ಮಾತು. ಪೈಪು ಒಯ್ಯೂ ಮುಂದ ನೀರು ಚೆಲ್ಲಬಾರದಂತ ಹೆಬ್ಬೆಟ್ಟಿಲೆ ಬಾಯಿ ಮುಚ್ಚತೀರಿ. ಗ್ವಾಡಿಗೆ ಹಿಡದ ಮ್ಯಾಲ ಬೆಟ್ಟು ತಗೀರಿ. ಎರಡೂ ಕಡೆ ತಗೀಬೇಕು. ಒಬ್ಬರು ಮುಚ್ಚಿಕೊಂಡು ನಿಂತ್ರ ನೀರು ಸುಳ್ಳು ಹೇಳತೈತಿ."

ಪೈಪಿಗೆ ಇಬ್ಬರು ಬೇಕು. ಹುಡುಗರು ಹುಡುಗರ ಜೊತೆ ಜೋಡಿಯಾದರು. ಉಳಿದವರು ಇವರಿಬ್ಬರು. ಕಾಸೀಮಸಾಬರು ಇಬ್ಬರನ್ನೂ ಒಮ್ಮೆ ನೋಡಿ, ಗಡ್ಡ ಕೆರೆದುಕೊಂಡು, "ನೀವು ಜೋಡಿ," ಎಂದು ಮುಂದೆ ಹೋದರು.

ಅಂದಿನಿಂದ ಹಾಲಸಿದ್ದಪ್ಪನಿಗೆ ಆ ಪೈಪಿಗಿಂತ ಚಂದದ ವಸ್ತು ಜಗತ್ತಿನಲ್ಲಿ ಇರಲಿಲ್ಲ. ಖೋಲಿಯ ಈ ಮೂಲೆಗೆ ಅವನು, ಆ ಮೂಲೆಗೆ ಆಕೆ. ನಡುವೆ ನೆಲದ ಮೇಲೆ ಹಾವಿನ ಹಾಗೆ ಬಿದ್ದ ಪೈಪು. ಆಕೆ ಅಲ್ಲಿ ಕೈ ಅಲುಗಿಸಿದರೆ ಇಲ್ಲಿ ಅವನ ಕಣ್ಣ ಮುಂದೆ ನೀರು ಅಲುಗುತ್ತಿತ್ತು. ಆಕೆ ಉಸಿರು ಹಿಡಿದು ನಿಂತರೆ ಇಲ್ಲಿಯೂ ನಿಲ್ಲುತ್ತಿತ್ತು.

"ನಿಂತಿತೇನ್ರಿ?" ಎಂದು ಆಕೆ ಕೇಳುತ್ತಿದ್ದಳು.

"ನಿಂತೈತ್ರಿ."

"ಗುರುತು ಹಾಕ್ಲಿ?"

"ಹಾಕ್ರಿ."

ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್ಲು ತೆಗೆದು, ನಾಲಿಗೆಯ ತುದಿಗೆ ಮುಟ್ಟಿಸಿ, ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದಳು. ದಿನಕ್ಕೆ ಹತ್ತು ಸಲ ಇದೇ ನಾಲ್ಕು ಮಾತು. ಹನ್ನೊಂದನೆಯ ಸಲಕ್ಕೂ ಅವನಿಗೆ ಬೇಸರ ಬರುತ್ತಿರಲಿಲ್ಲ.

*

ಕೊನೆಯ ವಾರ ಪರೀಕ್ಷೆ. ಶೆಡ್ಡಿನ ಹಿಂದೆ ಕಟ್ಟುತ್ತಿದ್ದ ಹಾಸ್ಟೆಲ್ಲಿನ ಬಚ್ಚಲುಮನೆಗಳನ್ನು ಜೋಡಿಗೊಂದರಂತೆ ಕೊಟ್ಟರು. ಟೈಲ್ಸ್ ಹಾಕಬೇಕು, ನೆಲದ ಇಳಿಜಾರು ಮೂಲೆಯ ಜಾಳಿಗೆಯ ಕಡೆಗೆ ಇರಬೇಕು. ಒಂದು ಬಕೆಟ್ ನೀರು ಸುರಿದರೆ ಎಲ್ಲವೂ ಜಾಳಿಗೆಗೆ ಹೋಗಬೇಕು. ಹೋದರೆ ಸರ್ಟಿಫಿಕೇಟು, ಜೊತೆಗೆ ಹಾವೇರಿಯಲ್ಲಿ ಹೊಸ ಕ್ವಾರ್ಟರ್ಸ್ ಕಟ್ಟುವ ಗುತ್ತಿಗೆದಾರನಿಗೆ ಮೇಸ್ತ್ರಿ ಆ ಜೋಡಿಯ ಹೆಸರು ಹೇಳುತ್ತಿದ್ದರು.

ಗುರುವಾರ ಮುಂಜಾನೆ ಇಳಿಜಾರಿನ ಅಳತೆಗೆ ಗೋಡೆಯ ಮೇಲೆ ಗುರುತು ಹಾಕಲು ಇವರು ಪೈಪು ಹಿಡಿದರು. ಅವನು ಜಾಳಿಗೆಯ ಮೂಲೆಗೆ, ಆಕೆ ಬಾಗಿಲಿನ ಪಕ್ಕಕ್ಕೆ. ಪೈಪು ಎತ್ತುವಾಗ ಚಿಳ್ಳೆಂದು ನೀರು ಹಾರಿ ಆಕೆಯ ಕೆನ್ನೆಗೆ ಬಡಿಯಿತು. ಆಕೆ ಮೊಣಕೈಯಿಂದ ಒರೆಸಿಕೊಳ್ಳಲು ಹೋದಳು. ಹುಬ್ಬಿನ ಮೇಲಿದ್ದ ಸಿಮೆಂಟಿನ ಧೂಳೆಲ್ಲ ಹರಡಿ ಅರ್ಧ ಮುಖ ಬೂದಿಯ ಬಣ್ಣವಾಯಿತು. ತನಗೆ ತಾನೇ ನಕ್ಕಳು. ನಗುತ್ತಲೇ ತಲೆ ಎತ್ತಿ ಅವನನ್ನು ನೋಡಿದಳು.

ಓರೆಗಣ್ಣಿನ ನೋಟ ಅಲ್ಲ. ನೆಟ್ಟಗೆ. ಮೂರು ತಿಂಗಳಲ್ಲಿ ಮೊದಲ ಸಲ. ಬಾಗಿಲಿನ ಬೆಳಕು ಆಕೆಯ ಹಿಂದೆ ಇತ್ತು, ಕೂದಲಿನ ಅಂಚು ತಾಮ್ರದ ತಂತಿಯ ಹಾಗೆ ಹೊಳೆಯುತ್ತಿತ್ತು. ನಗು ನಿಂತಮೇಲೂ ಆ ನೋಟ ನಿಲ್ಲಲಿಲ್ಲ.

ಅಷ್ಟರಲ್ಲಿ ಹಾಲಸಿದ್ದಪ್ಪ ಇನ್ನೊಂದನ್ನು ನೋಡಿದ. ಆಕೆಯ ಹೆಬ್ಬೆಟ್ಟು ಪೈಪಿನ ಬಾಯಿಯ ಮೇಲೆ ಹಾಗೆಯೇ ಇತ್ತು.

"ನಿಂತಿತೇನ್ರಿ?" ಎಂದಳು.

"ನಿಂತೈತ್ರಿ," ಎಂದ.

"ಗುರುತು ಹಾಕ್ಲಿ?"

ಅವನ ನೋಟ ಹೆಬ್ಬೆಟ್ಟಿನಿಂದ ಆಕೆಯ ಮುಖಕ್ಕೆ ತಿರುಗಿತು.

"ಹಾಕ್ರಿ."

*

ಶನಿವಾರ ಕಾಸೀಮಸಾಬರು ಬಕೆಟ್ ಹಿಡಿದು ಬಂದರು. ಟೈಲ್ಸ್ ಒಂದಕ್ಕೊಂದು ಚಂದ ಕೂಡಿದ್ದವು, ಸಂದು ದಾರ ಹಿಡಿದ ಹಾಗೆ ನೆಟ್ಟಗಿತ್ತು. ಮೇಸ್ತ್ರಿ ತಲೆಯಾಡಿಸಿದರು, ನಡುಮಧ್ಯ ನೀರು ಸುರಿದರು.

ನೀರು ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ಜಾಳಿಗೆಗೆ ಬೆನ್ನು ತಿರುಗಿಸಿ, ನಿಧಾನಕ್ಕೆ ಬಾಗಿಲಿನ ಕಡೆ ನಡೆಯಿತು. ಹೊಸ್ತಿಲಿನ ಹತ್ತಿರ ಮೇಸ್ತ್ರಿ ಬಿಟ್ಟಿದ್ದ ಚಪ್ಪಲಿಗಳನ್ನು ಎತ್ತಿಕೊಂಡು ಹೊರಗೆ ಹೋಯಿತು.

ಹಿಂದೆ ನಿಂತ ಹುಡುಗರು ನಕ್ಕರು. ಮೇಸ್ತ್ರಿ ನಗಲಿಲ್ಲ. ಗೋಡೆಯ ಗುರುತು ನೋಡಿದರು, ತಾವೇ ಪೈಪು ಹಿಡಿಸಿ ತಾಳೆ ನೋಡಿದರು. ಬಾಗಿಲಿನ ಕಡೆಯ ಗೆರೆ ಒಂದು ಇಂಚು ಕೆಳಗಿತ್ತು.

"ಬಾಗಲ ಕಡೆ ಪೈಪು ಹಿಡದವರು ಯಾರು?"

ಪುಷ್ಪಲತಾಳ ಮುಖ ಬಿಳುಚಿತು. ಬಾಯಿ ತೆರೆದಳು. ಅಷ್ಟರಲ್ಲಿ ಹಾಲಸಿದ್ದಪ್ಪ ಒಂದು ಹೆಜ್ಜೆ ಮುಂದೆ ಬಂದಿದ್ದ.

"ನಾನ್ರಿ ಮೇಸ್ತ್ರಿ. ಬೆಟ್ಟು ತಗಿಯೂದು ಮರತೆ. ಆಕಿದು ಏನೂ ತಪ್ಪಿಲ್ಲ."

ಕಾಸೀಮಸಾಬರು ಬಹಳ ಹೊತ್ತು ಅವನ ಮುಖ ನೋಡಿದರು. "ಹಂಗಾರ ಆಕಿ ಪಾಸು. ನೀ ಮುಂದಿನ ಬ್ಯಾಚಿಗೆ ಬಾ," ಎಂದು ಒದ್ದೆ ಚಪ್ಪಲಿ ಕೈಯಲ್ಲಿ ಹಿಡಿದು ಹೋದರು.

ಅವನಿಗೆ ಸಮಾಧಾನವಾಗಿತ್ತು. ಆಕೆಯ ಕರಣಿ ಉಳಿಯಿತು, ತನ್ನದು ಹೇಗೋ ಆದೀತು. ಸಂಜೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಆಕೆ ಕೂತಿದ್ದಳು. ಹತ್ತಿರ ಹೋಗಿ ನಿಂತ. ಒಂದು ನಗು ಸಿಗಬಹುದು ಅಂದುಕೊಂಡಿದ್ದ.

"ಯಾರು ಕೇಳಿದ್ರಿ ನಿಮ್ಮನ್ನ?" ಎಂದಳು. ಧ್ವನಿ ಮೆತ್ತಗಿತ್ತು, ಅದೇ ಹೆದರಿಕೆ ಹುಟ್ಟಿಸಿತು.

"ನಿಮಗ ಸರ್ಟಿಫಿಕೇಟ..."

"ಅದು ನನ್ನ ತಪ್ಪಾಗಿತ್ತು. ಒಂಬತ್ತು ವರ್ಷ ನಾ ತಪ್ಪು ಮಾಡಾಕೂ ಯಾರೂ ಬಿಟ್ಟಿಲ್ರಿ. ಬುಟ್ಟಿ ಹೊರೂದ್ರಾಗ ಎಂಥಾ ತಪ್ಪು ಮಾಡಾಕ ಬರತೈತಿ? ಮೊನ್ನಿ ಮೊದಲನೇ ಸಲ ಗೌಂಡಿ ಮಾಡೂವಂಥ ತಪ್ಪು ಮಾಡಿದ್ದೆ. ಅದನ್ನೂ ನೀವು ಎತ್ತಿಕೊಂಡು ಹೋದ್ರಿ." ಆಕೆಯ ಕಣ್ಣು ತುಂಬಿದವು, ಆದರೆ ಒರೆಸಿಕೊಳ್ಳಲಿಲ್ಲ. "ಇಪ್ಪತ್ತು ವರ್ಷ ಮಂದಿ ಭಾರ ಹೊತ್ತು ನಿಮಗ ರೂಢಿ ಆಗೇತಿ. ಆದ್ರ ನಾನು ಚೀಲ ಅಲ್ಲರಿ, ಹಾಲಸಿದ್ದಪ್ಪಾರ."

ಗಾಡಿ ಬಂತು. ಆಕೆ ಹೆಂಗಸರ ಡಬ್ಬಿಗೆ ಹತ್ತಿದಳು.

*

ಸೋಮವಾರ ಮುಂಜಾನೆ ಬ್ಯಾಡಗಿಯಲ್ಲಿ ಗಾಡಿ ನಿಂತಾಗ ಅವನು ಅದೇ ಕಿಟಕಿಗೆ ಹೋಗಿ ನೋಡಿದ. ಆ ಸೀಟಿನ ಮೇಲೆ ಬುತ್ತಿಗಂಟು ಇರಲಿಲ್ಲ. ಯಾರೋ ಒಬ್ಬ ಮೀಸೆಯವನು ಕೂತು ಬೀಡಿ ಸೇದುತ್ತಿದ್ದ. ರಾಣೆಬೆನ್ನೂರು ಬರುವತನಕ ಹಾಲಸಿದ್ದಪ್ಪ ಬಾಗಿಲಲ್ಲೇ ನಿಂತ.

ಹಾಸ್ಟೆಲ್ಲಿನ ಕಡೆಯಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಪುಷ್ಪಲತಾ ಒಬ್ಬಳೇ ಬಚ್ಚಲುಮನೆಯಲ್ಲಿ ಕೂತು ಟೈಲ್ಸ್ ಎಬ್ಬಿಸುತ್ತಿದ್ದಳು. ಮೊದಲ ಬಸ್ಸಿಗೆ ಬಂದಿದ್ದಳು. ಮೇಸ್ತ್ರಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು.

"ಬಾರಪ್ಪಾ," ಎಂದರು. "ಈಕಿ ಬಂದು ಹೇಳ್ಯಾಳ, ಬೆಟ್ಟು ಮುಚ್ಚಿದ್ದು ತಾನು ಅಂತ. ಸರ್ಟಿಫಿಕೇಟ ಬ್ಯಾಡ, ಬಿಚ್ಚಿ ಮತ್ತ ಹಾಕ್ತೀನಿ ಅಂತಾಳ. ಈಗ ನೀ ಏನಂತಿ? ಯಾರದು ತಪ್ಪು?"

ಹಾಲಸಿದ್ದಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಆಕೆ ತಲೆ ಎತ್ತಲಿಲ್ಲ.

"ಬೆಟ್ಟು ಆಕಿದ ಇತ್ರಿ," ಎಂದ. "ಆದ್ರ ತಪ್ಪು ನಂದೂ ಐತಿ. ನಾ ನೋಡಿದ್ದೆ."

ಸುತ್ತಿಗೆ ನಿಂತಿತು.

"ಏನು ನೋಡಿದ್ರಿ?" ಆಕೆ ಕೇಳಿದಳು.

"ನಿಮ್ಮ ಬೆಟ್ಟು ಪೈಪಿನ ಮ್ಯಾಲ ಇದ್ದದ್ದು. ಗುರುತು ಹಾಕೂಕಿಂತ ಮೊದಲ ನೋಡಿದ್ದೆ."

"ಮತ್ತ ಹೇಳಬೇಕಿಲ್ಲೋ?"

ಅವನು ಗೋಡೆ ನೋಡಿದ, ಜಾಳಿಗೆ ನೋಡಿದ, ಬಾಗಿಲಲ್ಲಿ ಕೂತ ಮೇಸ್ತ್ರಿಯನ್ನು ನೋಡಿದ. ಕ್ವಿಂಟಲ್ ಚೀಲ ಎತ್ತುವಾಗ ಬರದಿದ್ದ ಬೆವರು ಈಗ ಬಂತು.

"ಹೇಳಿದ್ರ ನೀವು ಕೆಳಗ ನೋಡ್ತಿದ್ರಿ," ಎಂದ. "ಅವತ್ತ ನೀವು ನನ್ನ ಕಡೆ ನೋಡಾಕತ್ತಿದ್ರಿ."

ಬಚ್ಚಲುಮನೆ ಸಣ್ಣದು, ಮಾತು ನಾಲ್ಕೂ ಗೋಡೆಗೆ ಬಡಿದು ತಿರುಗಿ ಬಂತು. ಕಾಸೀಮಸಾಬರು ಕೆಮ್ಮಿದರು, ಎದ್ದರು, ಸ್ಟೂಲು ಕಂಕುಳಲ್ಲಿ ಇಟ್ಟುಕೊಂಡರು.

"ನಲವತ್ತು ವರ್ಷ ಆತು," ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಇಳಿಜಾರು ಕೆಡೂದಕ್ಕ ಇಂಥಾ ಕಾರಣ ಕೇಳಿದ್ದಿಲ್ಲ. ಬುಧವಾರ ಬರತೀನಿ. ಇಬ್ಬರೂ ಕೂಡಿ ಹಾಕ್ರಿ. ಈ ಸಲ ಪಾಸಾದ್ರ ಇಬ್ಬರೂ, ಫೇಲಾದ್ರೂ ಇಬ್ಬರೂ."

ಅವರು ಹೋದ ಮೇಲೆ ಪುಷ್ಪಲತಾ ಸುತ್ತಿಗೆಯನ್ನು ಕೈಯೊಳಗೆ ತಿರುವಿದಳು.

"ಅವತ್ತ ನನ್ನ ಮುಖದ ತುಂಬ ಸಿಮೆಂಟ ಇತ್ತು," ಎಂದಳು.

"ಇತ್ರಿ."

"ಅದನ್ನ ನೋಡಾಕ ಒಂದು ಇಂಚು ಕೆಡಿಸಿದ್ರೇನು?"

"ಹೌದ್ರಿ."

ಆಕೆ ಸುತ್ತಿಗೆಯ ಹಿಡಿಯನ್ನು ಅವನ ಕಡೆ ಚಾಚಿದಳು. "ಬರ್ರಿ. ಆ ಮೂಲಿವು ನೀವು ಎಬ್ಬಸ್ರಿ. ಒಡೀಬ್ಯಾಡ್ರಿ ಮತ್ತ." ಸ್ವಲ್ಪ ಹೊತ್ತಿನ ಮೇಲೆ, ಅವನ ಕಡೆ ತಿರುಗದೆ, "ಬುತ್ತಿಯೊಳಗ ಇಬ್ಬರಿಗೆ ಆಗುವಷ್ಟು ರೊಟ್ಟಿ ಅದಾವ. ಸಿಟ್ಟಿದ್ರೂ ಕಟ್ಟಿಸಿಕೊಂಡು ಬಂದೇನಿ," ಎಂದಳು.

*

ಬುಧವಾರ ಮುದುಕವ್ವನೂ ಬಂದಳು. ಸೊಸೆ ಎರಡು ದಿನ ಊಟ ಮಾಡುವಾಗ ಗೋಡೆ ನೋಡಿ ನಗುತ್ತಿದ್ದದ್ದನ್ನು ಕಂಡು, ಏನೋ ಇದೆ ಎಂದು ಗಾಡಿ ಹತ್ತಿದ್ದಳು. ಕಾಸೀಮಸಾಬರು ಬಕೆಟ್ಟನ್ನು ಅವಳ ಕೈಗೇ ಕೊಟ್ಟರು.

"ನೀವ ಹಾಕ್ರಿ ಅವ್ವಾರ. ನಾ ಚಪ್ಪಲಿ ಹೊರಗ ಬಿಟ್ಟೇನಿ."

ಮುದುಕವ್ವ ಸುರಿದಳು. ಪುಷ್ಪಲತಾ ಸೆರಗಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ನೀರು ಹರಡಿತು, ತಿರುಗಿತು, ಕರೆದವರ ಮನೆಗೆ ಹೋಗುವ ಹಾಗೆ ನೆಟ್ಟಗೆ ಜಾಳಿಗೆಗೆ ಹೋಗಿ ಗಳಗಳನೆ ಇಳಿಯಿತು. ಹಿಂದೆ ಒಂದು ಹನಿ ಉಳಿಯಲಿಲ್ಲ.

ಆಕೆ ಜೋರಾಗಿ ಉಸಿರು ಬಿಟ್ಟಳು. ಆಮೇಲೆ ಅತ್ತೆಯ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು. ಮುದುಕವ್ವ ಸೊಸೆಯ ಬೆನ್ನು ಸವರುತ್ತಾ ಹಾಲಸಿದ್ದಪ್ಪನನ್ನು ಕಾಲಿನಿಂದ ತಲೆಯವರೆಗೆ ಅಳೆದಳು.

"ಇವನೇನು, ನಿನ್ನ ತಪ್ಪು ಕದ್ದಾಂವ?"

"ಹೂಂ, ಅತ್ತಿ."

"ಏನಪಾ, ನಿಮ್ಮ ಮನಿ ನೆಲ ಎಂಥಾದು?"

ಹಾಲಸಿದ್ದಪ್ಪ ತಬ್ಬಿಬ್ಬಾದ. "ಮಣ್ಣಿನ ನೆಲರಿ ಯವ್ವಾ. ಸಗಣಿ ಸಾರಸ್ತೇನಿ. ನಾನ ಒಬ್ಬಾಂವ ಇರೂದು."

"ಸಾರಿಸಿ ಸಾರಿಸಿ ಬೆನ್ನು ನೋಯಿಸಿಕೊಂಡಿ ಅನ್ನು." ಮುದುಕಿ ಎಲೆಅಡಿಕೆಯ ಚಂಚಿ ಬಿಚ್ಚಿದಳು. "ನಮ್ಮ ಮಂದ್ಯಾಗ ಉಡಕಿ ಹೊಸಾದಲ್ಲ. ಗಂಡ ಸತ್ತಾಕಿಗೆ ಮತ್ತೊಂದು ಸೀರಿ ಉಡಿಸಿ ಇನ್ನೊಂದು ಮನಿ ತುಂಬಸ್ತೀವಿ. ಆದ್ರ ಟೈಲ್ಸ್ ಹಾಕೂವಂಥ ಹೆಣ್ಣನ್ನ ಮಣ್ಣಿನ ನೆಲಕ್ಕ ಕಳಸ್ಲೇನು ನಾನು? ಮೊದಲ ನೆಲ ಆಗ್ಲಿ. ಆಮ್ಯಾಲ ಸೀರಿ. ಮತ್ತ ನನಗೊಂದು ಮೂಲಿ ಇರ್ಲಿ ಅಲ್ಲೆ, ನಾ ಅಗಡ್ಯಾಗ ಒಬ್ಬಾಕಿ ಏನು ಮಾಡ್ಲಿ?"

"ಅತ್ತೀ!" ಎಂದು ಪುಷ್ಪಲತಾ ಮುದುಕಿಯ ಹೆಗಲಿನಿಂದ ಮುಖ ಎತ್ತದೆಯೇ ಕೂಗಿದಳು. ಬೇಡ ಎಂದು ಮಾತ್ರ ಅನ್ನಲಿಲ್ಲ.

*

ಬ್ಯಾಡಗಿ ಸ್ಟೇಷನ್ನಿನ ಹಿಂದೆ, ಹಾಲಸಿದ್ದಪ್ಪನ ಎರಡು ಖೋಲಿಯ ಮನೆ. ಹಾವೇರಿಯ ಕೆಲಸಕ್ಕೆ ರಜೆ ಇದ್ದ ಭಾನುವಾರ. ಹಳೆಯ ನೆಲ ಅಗೆದು ಉಸುಕು ಹಾಸಿತ್ತು. ಗೋಡೆಗೆ ಒರಗಿಸಿ ಟೈಲ್ಸಿನ ಪೆಟ್ಟಿಗೆ ಇಟ್ಟಿದ್ದರು. ಅವನ್ನು ಒಳಗೆ ತಂದದ್ದು ಇಬ್ಬರೂ ಎರಡು ತುದಿ ಹಿಡಿದು. ಮುದುಕವ್ವ ಹೊರಗೆ ಬೇವಿನ ನೆರಳಿನಲ್ಲಿ ಕೂತು, ಪಕ್ಕದ ಮನೆಯವಳಿಗೆ ತನ್ನ ಸೊಸೆ ಯಾವ ಯಾವ ಸಾಹೇಬರ ಮನೆಗೆ ನೆಲ ಹಾಕಿದ್ದಾಳೆ ಎಂದು ಹೇಳುತ್ತಿದ್ದಳು.

ಒಳಗೆ ಈ ಗೋಡೆಗೆ ಅವನು, ಆ ಗೋಡೆಗೆ ಆಕೆ. ನಡುವೆ ನೀರ ಪೈಪು. ದೂರದ ಪೇಟೆಯಿಂದ ಮೆಣಸಿನಕಾಯಿಯ ಘಾಟು ಗಾಳಿಯಲ್ಲಿ ಬಂತು. ಆಕೆ ಒಮ್ಮೆ ಸೀನಿದಳು, ಇಲ್ಲಿ ಅವನ ಕೈಯೊಳಗಿನ ನೀರು ಎಗರಿ ಬಿದ್ದಿತು.

"ಬೆಟ್ಟು ತಗದೇನ್ರಿ," ಎಂದಳು. "ನೀವು?"

"ನಾನೂ ತಗದೇನಿ."

ನೀರು ಮೇಲೆ ಹೋಯಿತು, ಕೆಳಗೆ ಬಂತು, ಸಣ್ಣಗೆ ನಡುಗಿತು, ನಿಂತಿತು.

"ನಿಂತಿತೇನ್ರಿ?"

ಅವನು ನೀರು ಬಿಟ್ಟು ಆಕೆಯನ್ನೇ ನೋಡುತ್ತಿದ್ದ.

"ಯಾಕ್ರಿ? ಇನ್ನೂ ನಿಂತಿಲ್ಲೇನು?" ಆಕೆ ತಲೆ ಎತ್ತಿ ಅವನ ಕಡೆ ನೋಡಿದಳು.

"ನಿಂತೈತ್ರಿ."

"ಯಾವಾಗ?"

"ಆಗಳೇ."

"ಮತ್ತ ಹೇಳಬಾರದೇನು? ನಾ ಪೆನ್ಸಿಲ್ ಹಿಡಕೊಂಡು ಕುಂತೇನಿ."

"ಗುರುತು ಹಾಕೂಕಿಂತ ಮೊದಲ ಹೇಳ್ತೀನ್ರಿ," ಎಂದ ಹಾಲಸಿದ್ದಪ್ಪ. "ಅಲ್ಲೀತನಾ ನೋಡಿದ್ರ ನೆಲಕ್ಕೇನೂ ಆಗೂದಿಲ್ಲಲ್ಲ."

ಪುಷ್ಪಲತಾ ಕೈಯೊಳಗಿನ ಪೆನ್ಸಿಲ್ಲು ನೋಡಿದಳು, ಗೋಡೆ ನೋಡಿದಳು. ಆಮೇಲೆ ಆ ಪೆನ್ಸಿಲ್ಲನ್ನು ತಿರುಗಿ ಕಿವಿಯ ಮೇಲೆ ಸಿಕ್ಕಿಸಿಕೊಂಡಳು.